ಸಂಚಾಲಕ ಆಗೋಕೆ ದೊಡ್ಡ ಲೆನ್ಸ್ ಇದ್ರೆ ಸಾಕಾ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನ ಕೆಲಸ ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ. ಆದರೆ ಈ ವಿಷಯ ಎರಡು ತಿಂಗಳಿಂದ ಹೊಟ್ಟೆಯೊಳಗೇ ಕೂತು ಗುಡುಗುಡು ಅಂತಿದೆ. ಬರೆದು ಮುಗಿಸದಿದ್ದರೆ ನಿದ್ದೆ ಬರೋ ಹಾಗೆ ಕಾಣಲ್ಲ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ನಾನು ಹೋಗುವ ಒಂದು ಹವ್ಯಾಸಿ ಗುಂಪಿದೆ. ಹೆಸರು ಬೇಡ, ಇದ್ದವರಿಗೆ ಗೊತ್ತಾಗುತ್ತೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಒಂದು ಪಾರ್ಕಿನಲ್ಲಿ ಕಲ್ಲುಬೆಂಚುಗಳ ಸುತ್ತ ಸೇರ್ತೀವಿ. ಹಕ್ಕಿ, ಚಿಟ್ಟೆ, ಕಪ್ಪೆ, ಜೇಡ, ಹಾವು... ಆ ತಿಂಗಳು ಯಾರು ಏನು ನೋಡಿದರು, ಏನು ಫೋಟೊ ತೆಗೆದರು ಅನ್ನೋದನ್ನ ಮುಂದಿಡ್ತಾರೆ. ಇದು ಯಾವುದು, ಅದು ಹೇಗೆ ಅಂತ ಚರ್ಚೆ ನಡೆಯುತ್ತೆ. ಕೊನೆಗೆ ಸಂಚಾಲಕರು "ಇದು ಇಂಥದ್ದು" ಅಂತ ಹೇಳಿ ಮುಂದಿನ ಫೋಟೊಗೆ ಹೋಗ್ತಾರೆ. ಆಮೇಲೆ ಟೀ, ಬಿಸ್ಕೆಟ್, ಮನೆ.

ಈ ಸಂಚಾಲಕರನ್ನು ಆರಿಸಿದ್ದು ನಾವೇ. ಹೇಗೆ ಆರಿಸಿದೆವು ಅಂತ ಕೇಳಿ. ಒಂದು ಭಾನುವಾರ ಯಾರೋ "ಸರ್, ನೀವೇ ನೋಡ್ಕೊಳ್ಳಿ" ಅಂದರು. ಸರ್ ಎರಡು ಸಲ ಬೇಡ ಅಂದು ಮೂರನೇ ಸಲ ಆಗಲಿ ಅಂದರು. ಎಲ್ಲರೂ ಕೈ ಎತ್ತಿದೆವು. ಯಾಕೆ ಅವರು? ಗುಂಪಿಗೆ ಮೊದಲಿಂದ ಬರ್ತಿರೋರು, ಸೋದರಮಾವನಷ್ಟು ದೊಡ್ಡ ಲೆನ್ಸ್ ಇದೆ, ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗ ಕೊಡ್ತಾರೆ, ಧ್ವನಿ ದೊಡ್ಡದು. ನಾನೂ ಕೈ ಎತ್ತಿದ್ದೆ, ಸುಳ್ಳು ಹೇಳಲ್ಲ. ಆ ಕಾರಿನಲ್ಲಿ ನಾನು ಸುಮಾರು ಸಲ ಕೂತಿದ್ದೀನಿ.

ಎರಡು ತಿಂಗಳ ಹಿಂದಿನ ಭಾನುವಾರ ಹೊಸಬರೊಬ್ಬರು ಬಂದರು. ಊರ ಹೊರಗೆ ಹೊಸ ಬಡಾವಣೆಯಲ್ಲಿ ಮನೆ. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಒಂದು ಸಣ್ಣ ಹಾವು ಕಾಣಿಸಿಕೊಂಡಿದೆ. ಒಂದು ಫೋಟೊ ತೆಗೆದು, ಅದರ ಮೇಲೆ ಪ್ಲಾಸ್ಟಿಕ್ ಟಬ್ ಬೋರಲು ಹಾಕಿ, ಹೆಂಡತಿಯನ್ನ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ, ನಮ್ಮ ಗುಂಪು ಇದೆಯಲ್ಲ ಅಂತ ನೆನಪಾಗಿ ಸೀದಾ ಬಂದಿದ್ದಾರೆ. ಸಂಚಾಲಕರು ಫೋನು ತಗೊಂಡು ಎರಡು ಸೆಕೆಂಡು ನೋಡಿದರು. "ತೋಳ ಹಾವು. ವಿಷ ಇಲ್ಲ. ಪಟ್ಟಿ ನೋಡಿ, ಕುತ್ತಿಗೆಯಿಂದಲೇ ಶುರು ಆಗಿದೆ. ಒಂದು ಬಟ್ಟೆ ಹಾಕಿ ಹಿಡಿದು ಆಚೆ ಬಿಟ್ಟುಬಿಡಿ, ಹೆದರಬೇಡಿ" ಅಂದರು. ಆ ಮನುಷ್ಯ ನೆಮ್ಮದಿಯಾಗಿ ಫೋನು ಜೇಬಿಗೆ ಹಾಕಿಕೊಂಡ.

ನಮ್ಮ ಗುಂಪಿನಲ್ಲಿ ಮೈಸೂರು ಕಡೆಯ ಒಬ್ಬ ಟೀಚರಮ್ಮ ಇದ್ದಾರೆ. ಮಾತು ಬಹಳ ಕಡಿಮೆ. ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತಿರ್ತಾರೆ. ಅವತ್ತು ಅವರು "ಸರ್, ಬೆನ್ನಿನ ಹುರುಪೆ ಕಾಣೋ ಹಾಗೆ ಇನ್ನೊಂದು ಫೋಟೊ ಇದೆಯಾ? ಕಟ್ಟುಹಾವಿನ ಮರಿ ಇರಬಹುದೇನೋ" ಅಂದರು. ಸಂಚಾಲಕರು ನಕ್ಕು, "ಮೇಡಂ, ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ" ಅಂದರು. ಎಲ್ಲರೂ ನಕ್ಕೆವು. ಮುಂದಿನ ಫೋಟೊ ಬಂತು, ಅದು ಯಾವುದೋ ಮಿಂಚುಳ್ಳಿ.

ಗೊತ್ತಿಲ್ಲದವರಿಗೆ ಒಂದು ಮಾತು. ಕಟ್ಟುಹಾವು ಅಂದರೆ ಕೆಲವು ಕಡೆ ಕಡಂಬಳ ಅಂತ ಕರೆಯೋ ಹಾವು. ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರ ಪ್ರಾಣ ತೆಗೆಯುವ ನಾಲ್ಕು ಹಾವುಗಳಲ್ಲಿ ಒಂದು. ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ ಉಳಿದ ಮೂರು. ರಾತ್ರಿ ಓಡಾಡುತ್ತೆ. ನೆಲದ ಮೇಲೆ ಮಲಗಿದವರನ್ನ ನಿದ್ದೆಯಲ್ಲೇ ಕಚ್ಚುತ್ತೆ, ಎಷ್ಟೋ ಸಲ ನೋವೂ ಇರಲ್ಲ, ಊತವೂ ಇರಲ್ಲ. ಹೊಟ್ಟೆನೋವು ಶುರು ಆಗುತ್ತೆ. ರಾತ್ರಿ ತಿಂದಿದ್ದು ಸರಿ ಹೋಗಿಲ್ಲ ಅಂತ ಜನ ಗ್ಯಾಸಿನ ಮಾತ್ರೆ ನುಂಗ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತೆ, ಮಾತು ತೊದಲುತ್ತೆ, ಉಸಿರಾಟದ ಸ್ನಾಯುಗಳೇ ಕೆಲಸ ನಿಲ್ಲಿಸ್ತವೆ. ತೋಳ ಹಾವು ಮಾತ್ರ ಪಾಪದ್ದು, ಗೋಡೆ ಮೇಲಿನ ಹಲ್ಲಿ ಹುಡುಕಿಕೊಂಡು ಮನೆಗೆ ಬರುತ್ತೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ, ಕಪ್ಪು ಅಥವಾ ಕಂದು ಮೈ ಮೇಲೆ ಬಿಳಿ ಪಟ್ಟಿ.

ವ್ಯತ್ಯಾಸ ಗೊತ್ತಿರೋರು ಹೇಳೋದು ಹೀಗೆ. ದೊಡ್ಡ ಕಟ್ಟುಹಾವಿನ ಪಟ್ಟಿಗಳು ಸಾಮಾನ್ಯವಾಗಿ ಜೋಡಿ ಜೋಡಿ, ತಲೆಯ ಹತ್ತಿರ ಮಸುಕು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆಗೆ ಸ್ಪಷ್ಟ. ತೋಳ ಹಾವಿನದು ಉಲ್ಟಾ, ಕುತ್ತಿಗೆಯಿಂದ ಶುರುವಾಗಿ ಬಾಲದ ಕಡೆಗೆ ಮಾಸುತ್ತೆ. ನಮ್ಮ ಸಂಚಾಲಕರು ಹೇಳಿದ್ದು ಇದನ್ನೇ, ತಪ್ಪೇನಿಲ್ಲ. ಆದರೆ ಕಟ್ಟುಹಾವಿನ ಮರಿಗೆ ತಲೆಯ ಕಡೆಯೂ ಪಟ್ಟಿ ಎದ್ದು ಕಾಣಬಹುದು! ಅಲ್ಲೇ ಇರೋದು ಕಷ್ಟ. ಹಾಗಾಗಿ ನಂಬಬೇಕಾದ ಗುರುತು ಬೆನ್ನಿನ ನಡುವಿನ ಸಾಲು. ಕಟ್ಟುಹಾವಿಗೆ ಅಲ್ಲಿ ಅಕ್ಕಪಕ್ಕದ ಹುರುಪೆಗಳಿಗಿಂತ ದೊಡ್ಡದಾದ ಆರು ಮೂಲೆಯ ಹುರುಪೆಗಳ ಒಂದು ಸಾಲು ಇರುತ್ತೆ, ತೋಳ ಹಾವಿಗೆ ಇರಲ್ಲ. ಟೀಚರಮ್ಮ ಕೇಳಿದ್ದು ಸರಿಯಾಗಿ ಆ ಫೋಟೊವನ್ನೇ.

ಆಮೇಲೆ ಏನಾಯ್ತು ಅಂದರೆ, ಟೀ ಕುಡಿಯೋ ಹೊತ್ತಿಗೆ ಟೀಚರಮ್ಮ ಆ ಹೊಸಬರನ್ನ ಪಕ್ಕಕ್ಕೆ ಕರೆದು, "ನೋಡಪ್ಪಾ, ನನಗೂ ಖಾತ್ರಿ ಇಲ್ಲ. ಖಾತ್ರಿ ಇಲ್ಲದಿದ್ದಾಗ ಕೈ ಹಾಕಬೇಡ. ಟಬ್ ಹಾಗೇ ಇರಲಿ, ಮೇಲೊಂದು ಭಾರ ಇಡೋಕೆ ಹೇಳು" ಅಂತ ಹೇಳಿ, ಅನುಮತಿ ಇರುವ ಹಾವು ಹಿಡಿಯೋರೊಬ್ಬರ ನಂಬರು ಬರೆದುಕೊಟ್ಟರು. ಅವರು ಬಂದು ಟಬ್ ಎತ್ತಿ ನೋಡಿದರೆ ಕಟ್ಟುಹಾವಿನ ಮರಿಯೇ. ಒಂದು ಗೇಣಿಗಿಂತ ಸ್ವಲ್ಪ ಉದ್ದ.

ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಈ ಕಥೆ ಯಾರಿಗೂ ಬೇಡ. ಮುಂದಿನ ತಿಂಗಳು ನಾನು ವಿಷಯ ಎತ್ತಿದಾಗ ಸಂಚಾಲಕರು "ಆ ಫೋಟೊ ಕ್ಲಿಯರ್ ಇರಲಿಲ್ಲ" ಅಂದರು. ಕ್ಲಿಯರ್ ಇರಲಿಲ್ಲ ಅಂದಮೇಲೆ ಅವತ್ತು ಅಷ್ಟು ಕ್ಲಿಯರ್ ಆಗಿ ಹೇಳಿದ್ದು ಹೇಗೆ ಸ್ವಾಮಿ? ಇದನ್ನ ಕೇಳಿದ್ದಕ್ಕೆ ನನಗೆ ಸಿಕ್ಕಿದ್ದು, "ನೀನು ಇನ್ನೂ ಹುಡುಗ, ಹಿರಿಯರಿಗೆ ಹೀಗೆಲ್ಲ ಕೇಳಬಾರದು" ಅನ್ನೋ ಬುದ್ಧಿಮಾತು. ಸಂಚಾಲಕರಿಂದಲ್ಲ, ಪಕ್ಕದಲ್ಲಿ ಕೂತಿದ್ದವರಿಂದ. ಟೀಚರಮ್ಮ ಆ ತಿಂಗಳು ಬಂದಿರಲೇ ಇಲ್ಲ.

ನನ್ನ ತಕರಾರು ಸಂಚಾಲಕರು ತಪ್ಪು ಹೇಳಿದ್ದರ ಬಗ್ಗೆ ಅಲ್ಲ. ಹಾವಿನ ವಿಷಯದಲ್ಲಿ ಎಂಥವರೂ ತಪ್ಪುತ್ತಾರೆ. ತಕರಾರು ನಮ್ಮ ಮೇಲೆ. ಕೊನೆಯ ಮಾತು ಹೇಳೋ ಕುರ್ಚಿಗೆ ನಾವು ಜನ ಆರಿಸೋ ರೀತಿ ಇದೆಯಲ್ಲ, ಅದರ ಮೇಲೆ. ಮದುವೆ ಮನೆಯಲ್ಲಿ ಬಡಿಸೋಕೆ ಯಾರನ್ನ ನಿಲ್ಲಿಸಬೇಕು ಅನ್ನೋದಕ್ಕೂ ನಾವು ಇದಕ್ಕಿಂತ ಹೆಚ್ಚು ಯೋಚನೆ ಮಾಡ್ತೀವಿ. ಸಾರು ಚೆಲ್ಲೋನನ್ನ ಮೊದಲ ಪಂಕ್ತಿಗೆ ಬಿಡಲ್ಲ.

"ಹವ್ಯಾಸ ಅಲ್ವೇನ್ರೀ, ಯಾಕಿಷ್ಟು ಸೀರಿಯಸ್ ಆಗ್ತೀರಾ?" ಅಂತ ಕೇಳೋರಿಗೆ ಒಂದು ಲೆಕ್ಕ ಕೊಡ್ತೀನಿ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58 ಸಾವಿರ. 2024ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಸರ್ಕಾರವೇ ಲೆಕ್ಕ ಇಡೋಕೆ ಹೊರಟಿರುವಾಗ, ಭಾನುವಾರದ ನಮ್ಮ ಗುಂಪು "ಬಟ್ಟೆ ಹಾಕಿ ಹಿಡೀರಿ" ಅನ್ನುತ್ತೆ. ಜನ ನಮ್ಮ ಹತ್ತಿರ ಬರೋದು ನಾವು ಹವ್ಯಾಸಿಗಳು ಅಂತಲ್ಲ, ಗೊತ್ತಿರೋರು ಅಂತ. ಆ ನಂಬಿಕೆ ಇಟ್ಟುಕೊಂಡು ಬಂದವರ ಹೆಂಡತಿ ಅಲ್ಲಿ ಬಚ್ಚಲ ಬಾಗಿಲಲ್ಲಿ ನಿಂತಿರ್ತಾರೆ. ಮಿಂಚುಳ್ಳಿಯ ಹೆಸರು ತಪ್ಪು ಹೇಳಿದರೆ ಮಿಂಚುಳ್ಳಿಗೆ ನಷ್ಟ ಇಲ್ಲ. ಇದು ಹಾಗಲ್ಲ.

ಸರಿ, ಹಾಗಾದರೆ ಯಾರು ಅರ್ಹರು? ಇಲ್ಲಿ ಕೂಡಲೇ ಎದ್ದು ನಿಲ್ಲೋರು ಡಿಗ್ರಿಯವರು. ಪ್ರಾಣಿಶಾಸ್ತ್ರ ಓದಿದವರನ್ನೇ ಮಾಡಿ ಅಂತ. ನಾನು ಇಂಜಿನಿಯರಿಂಗ್ ಓದಿದವನು, ಡಿಗ್ರಿಗೂ ಕೆಲಸ ಗೊತ್ತಿರೋದಕ್ಕೂ ಎಷ್ಟು ದೂರ ಅಂತ ದಿನಾ ಕನ್ನಡಿಯಲ್ಲಿ ನೋಡ್ಕೋತೀನಿ :-) ತಮಿಳುನಾಡಿನ ಇರುಳರನ್ನ ನೋಡಿ. ಹಾವಿನ ವಿಷಕ್ಕೆ ಮದ್ದು ತಯಾರಿಸೋಕೆ ಬೇಕಾದ ವಿಷವನ್ನ ಬಹುಪಾಲು ದಶಕಗಳಿಂದ ಒದಗಿಸುತ್ತಾ ಬಂದಿರೋದು 1978ರಲ್ಲಿ ಶುರುವಾದ ಅವರ ಸಹಕಾರ ಸಂಘ. ಅವರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅನ್ನೋ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ಇದೇ ಇಬ್ಬರನ್ನ ಹೆಬ್ಬಾವು ಹುಡುಕೋಕೆ ಅಮೆರಿಕದ ಫ್ಲೋರಿಡಾಗೆ ಕರೆಸಿಕೊಂಡಿದ್ದರು. ಯಾವ ಕಾಲೇಜಿನ ಸರ್ಟಿಫಿಕೇಟ್ ನೋಡಿ ಕರೆದದ್ದಲ್ಲ. ನೆಲದ ಮೇಲಿನ ಗುರುತು ನೋಡಿ ಹಾವು ಎತ್ತ ಹೋಯಿತು ಅಂತ ಹೇಳಬಲ್ಲರು ಅಂತ ಕರೆದದ್ದು.

ಇನ್ನೊಂದು ವಾದ, ಹಾವು ಹಿಡಿಯೋನೇ ಹಾವು ಬಲ್ಲ ಅಂತ. ಸಾವಿರ ಹಾವು ಹಿಡಿದಿದ್ದೀನಿ ಅನ್ನೋನು, ಕೊರಳಿಗೆ ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳೋನು. ಇವರನ್ನಂತೂ ಕುರ್ಚಿಯ ಹತ್ತಿರವೂ ಬಿಡಬಾರದು ಅಂತ ನನ್ನ ಅಭಿಪ್ರಾಯ. 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ ಅನ್ನೋದನ್ನೇ ಮರೆತಿರ್ತಾರೆ, ಹೊಸ ಹುಡುಗರಿಗೂ ಮರೆಸ್ತಾರೆ.

ಕ್ರಿಕೆಟ್ಟಿನಲ್ಲಿ ನಮಗೆ ಈ ವಿಷಯ ಸಲೀಸಾಗಿ ಅರ್ಥ ಆಗುತ್ತೆ. ಸೈಮನ್ ಟಫೆಲ್ ನೆನಪಿದ್ದಾರಾ? ಐಸಿಸಿ ವರ್ಷದ ಅಂಪೈರ್ ಅಂತ ಪ್ರಶಸ್ತಿ ಕೊಡೋಕೆ ಶುರು ಮಾಡಿದ 2004ರಿಂದ 2008ರವರೆಗೆ ಐದು ವರ್ಷ ಸತತವಾಗಿ ಅವರಿಗೇ ಬಂತು. ಆ ಮನುಷ್ಯ ಒಂದು ಟೆಸ್ಟ್ ಪಂದ್ಯವನ್ನೂ ಆಡಿದವರಲ್ಲ. "ನೀನೆಷ್ಟು ಸೆಂಚುರಿ ಹೊಡೆದಿದ್ದೀಯ?" ಅಂತ ಯಾರೂ ಅವರನ್ನ ಕೇಳಲಿಲ್ಲ. ನೋಡೋಕೆ ಬರುತ್ತಾ, ನಿಯಮ ಗೊತ್ತಾ, ಅನುಮಾನ ಇದ್ದಾಗ ಔಟ್ ಕೊಡದೆ ಇರೋ ಸಂಯಮ ಇದೆಯಾ, ಇಷ್ಟೇ ಪ್ರಶ್ನೆ. ಆ ಪ್ರಶ್ನೆ ಹವ್ಯಾಸಿ ಗುಂಪಿಗೆ ಬಂದ ಕೂಡಲೇ ನಮಗೆ ಮರೆತುಹೋಗಿ, ಅಲ್ಲಿ ಲೆನ್ಸಿನ ಉದ್ದ ಅಳೀತೀವಿ.

ಅನುಮಾನ ಅಂದೆನಲ್ಲ, ಅದೇ ನನ್ನ ಮುಖ್ಯ ಮಾತು. ಸಂಚಾಲಕನಿಗೆ ಇರಬೇಕಾದ ಮೊದಲ ಅರ್ಹತೆ "ಇದರಿಂದ ಹೇಳೋಕಾಗಲ್ಲ" ಅಂತ ಹತ್ತು ಜನರ ಮುಂದೆ ಹೇಳುವ ತಾಕತ್ತು. ಎರಡನೆಯದು, ಹೇಳಿದಾಗ ಯಾಕೆ ಅಂತ ಕಾರಣ ಕೊಡುವ ಅಭ್ಯಾಸ. "ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ" ಅನ್ನೋದು ಕಾರಣ ಅಲ್ಲ, ಅದು ವಯಸ್ಸು. ಹುರುಪೆ ಹೀಗಿದೆ, ಪಟ್ಟಿ ಹೀಗಿದೆ, ಇದು ಕಾಣ್ತಿಲ್ಲ ಅಂದರೆ ಕೇಳಿದವನು ಮುಂದಿನ ಸಲ ತಾನೇ ನೋಡ್ತಾನೆ. ನಮ್ಮ ಆಫೀಸಿನಲ್ಲಿ ಹತ್ತು ವರ್ಷ ಅನುಭವದವರ ಕೋಡನ್ನೂ ಇನ್ನೊಬ್ಬರು ಓದದೆ ಸೇರಿಸಲ್ಲ. ನಿನ್ನೆ ಸೇರಿದ ಹುಡುಗಿ "ಇಲ್ಲಿ ತಪ್ಪಿದೆ" ಅಂದರೆ ತಿದ್ದಲೇಬೇಕು. ಮುಖ ಗಂಟಿಕ್ಕಿಕೊಂಡು ತಿದ್ದುತ್ತಾರೆ, ಅದು ಬೇರೆ ಮಾತು.

ಮತ್ತೊಂದು, ಇದು ಬಹಳ ಜನಕ್ಕೆ ಹೊಳೆಯದ್ದು. ಯಾವ ಪ್ರಶ್ನೆ ತನ್ನದಲ್ಲ ಅನ್ನೋದೂ ಸಂಚಾಲಕನಿಗೆ ಗೊತ್ತಿರಬೇಕು. ಯಾರಾದರೂ "ನಮ್ಮಪ್ಪನಿಗೆ ಹಾವು ಕಚ್ಚಿದೆ, ಈ ಫೋಟೊ ನೋಡಿ" ಅಂತ ಬಂದರೆ ಫೋಟೊ ನೋಡ್ತಾ ಕೂರೋನು ಅನರ್ಹ. ನಮ್ಮ ಆಸ್ಪತ್ರೆಗಳಲ್ಲಿ ಕೊಡೋ ಮದ್ದು ಆ ನಾಲ್ಕೂ ಹಾವುಗಳ ವಿಷಕ್ಕೆ ಸೇರಿಸಿ ಮಾಡಿದ್ದು. ಹಾವಿನ ಹೆಸರು ಗೊತ್ತಿಲ್ಲ ಅಂತ ಚಿಕಿತ್ಸೆ ನಿಲ್ಲಲ್ಲ. ರೆಪ್ಪೆ ಜೋತಿದೆಯಾ ನೋಡ್ತಾರೆ, ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿಟ್ಟು 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತಾ ನೋಡ್ತಾರೆ, ಲಕ್ಷಣದ ಮೇಲೆ ಮದ್ದು ಶುರು ಮಾಡ್ತಾರೆ. ಹಾಗಾಗಿ ಅಲ್ಲಿ ಸಂಚಾಲಕ ಆಡಬೇಕಾದ್ದು ಒಂದೇ ಮಾತು: "ಆಸ್ಪತ್ರೆಗೆ ಹೊರಡಿ." ಆದರೆ ತೀರ್ಪು ಕೊಟ್ಟು ರುಚಿ ಹತ್ತಿದವರಿಗೆ ಆ ಮಾತು ಬಾಯಿಗೆ ಬರೋದೇ ಕಷ್ಟ.

ತಿಳಿವಳಿಕೆ ಒಂದಿದ್ದರೆ ಸಾಕು ಅಂತಲೂ ನಾನು ಹೇಳ್ತಿಲ್ಲ. ಇದಕ್ಕೆ ಮುಂಚೆ ನಾನು ಇನ್ನೊಂದು ಗುಂಪಿಗೆ ಹೋಗ್ತಿದ್ದೆ. ಅಲ್ಲಿನವರಿಗೆ ನಿಜವಾಗಲೂ ಗೊತ್ತಿತ್ತು, ಅದ್ಭುತವಾಗಿ ಗೊತ್ತಿತ್ತು. ಆದರೆ ಯಾರಾದರೂ "ಇದು ಕೇರೆಹಾವಾ ಸರ್?" ಅಂತ ಕೇಳಿದರೆ, ಆ ಪ್ರಶ್ನೆ ಕೇಳಿದ್ದೇ ತಪ್ಪು ಅನ್ನೋ ಹಾಗೆ ಒಂದು ಲ್ಯಾಟಿನ್ ಹೆಸರು ಮುಖಕ್ಕೆ ಎಸೆದು ಸುಮ್ಮನಾಗೋರು. ಆರು ತಿಂಗಳಲ್ಲಿ ಹೊಸಬರೆಲ್ಲ ಖಾಲಿ. ಉಳಿದ ಐದು ಜನ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಕೂತಿದ್ದರು, ಇನ್ನೂ ಕೂತಿರಬೇಕು. ಕೇಳೋಕೇ ಹೆದರಿಕೆ ಆಗೋ ಜಾಗದಲ್ಲಿ ಜನ ಕೇಳದೇ ಟಬ್ ಎತ್ತುತ್ತಾರೆ. ಅದೂ ಅಷ್ಟೇ ಅಪಾಯ.

ತಿಳಿವಳಿಕೆ ಒಂದು ಕಡೆ ನಿಲ್ಲೋದೂ ಇಲ್ಲ. ಕಾಳಿಂಗ ಸರ್ಪ ಒಂದೇ ಜಾತಿ ಅಂತ ನಾವೆಲ್ಲ ಓದಿದ್ದು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದು ನಾಲ್ಕು ಜಾತಿ ಅಂತ ತೋರಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫಾಗಸ್ ಕಾಳಿಂಗ ಅಂತ ನಮ್ಮದೇ ಮಾತಿನ ಹೆಸರು ಇಟ್ಟರು. ಎಷ್ಟು ಖುಷಿಯ ವಿಷಯ! ನಾನು ಗುಂಪಿನಲ್ಲಿ ಹೇಳಿದಾಗ ಬಂದ ಉತ್ತರ, "ಅದೆಲ್ಲ ಹೆಸರು ಮಾಡೋಕೆ ಮಾಡ್ತಾರೆ ಬಿಡಪ್ಪ." ಗೊತ್ತಿರಲಿಲ್ಲ ಅನ್ನೋದು ತಪ್ಪಲ್ಲ. ಓದಿ ಒಪ್ಪದಿದ್ದರೂ ತಪ್ಪಲ್ಲ. ಓದದೇ ತಳ್ಳಿಹಾಕೋರಿಗೆ ಕೊನೆಯ ಮಾತಿನ ಹಕ್ಕು ಯಾಕೆ?

ಇಷ್ಟೆಲ್ಲ ಬೈದ ಮೇಲೆ ಪರಿಹಾರ ಹೇಳದಿದ್ದರೆ ನೀವು ನನ್ನನ್ನ ಬಿಡಲ್ಲ. ಮೊದಲನೆಯದಾಗಿ, ಕುರ್ಚಿಯನ್ನ ಎರಡು ಮಾಡಿ. ಜಾಗ ನೋಡೋದು, ಟೀ ತರಿಸೋದು, ಕಾರು ಹೊಂದಿಸೋದು, ಎಲ್ಲರಿಗೂ ಮಾತಾಡೋಕೆ ಅವಕಾಶ ಕೊಡೋದು ಒಂದು ಕೆಲಸ. ಇದು ಹೀಗೆ ಅಂತ ಹೇಳೋದು ಇನ್ನೊಂದು. ನಮ್ಮ ಈಗಿನ ಸಂಚಾಲಕರು ಮೊದಲನೆಯದಕ್ಕೆ ಚಿನ್ನದಂಥ ಮನುಷ್ಯ, ವ್ಯಂಗ್ಯವಾಗಿ ಹೇಳ್ತಿಲ್ಲ. ಅವರಿಲ್ಲದಿದ್ದರೆ ಗುಂಪು ಎಂದೋ ಮುಚ್ಚಿಹೋಗ್ತಿತ್ತು. ಎರಡನೆಯದಕ್ಕೆ ಹಾವಿಗೆ ಒಬ್ಬರು, ಹಕ್ಕಿಗೆ ಒಬ್ಬರು, ಹೀಗೆ ಬೇರೆ ಬೇರೆ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಾಗಲಿ.

ಆರಿಸೋದು ಹೇಗೆ? ಪರೀಕ್ಷೆ ಇಡಿ. ಹೌದು, ಪರೀಕ್ಷೆ. 20 ಫೋಟೊ. ಅದರಲ್ಲಿ 15 ಗುರುತಿಸಬಹುದಾದವು, 5 ಮಸುಕು, ಅರ್ಧ, ಬಾಲ ಮಾತ್ರ, ಯಾರಿಂದಲೂ ಹೇಳೋಕೆ ಆಗದಂಥವು. ಯಾವುದು ಯಾವುದು ಅಂತ ಹೇಳಬಾರದು. ಸರಿಯಾದ ಉತ್ತರಕ್ಕೆ ಒಂದು ಅಂಕ. ಹೇಳೋಕಾಗದ ಫೋಟೊಗೆ "ಹೇಳೋಕಾಗಲ್ಲ" ಅಂದರೂ ಒಂದು ಅಂಕ. ಅದಕ್ಕೆ ಧೈರ್ಯವಾಗಿ ಒಂದು ಹೆಸರು ಹೇಳಿದರೆ ಎರಡು ಅಂಕ ಕಟ್. ಪರೀಕ್ಷೆ ಅಂದರೆ ಹಿರಿಯರಿಗೆ ಅವಮಾನ, ಯಾರೂ ಮುಂದೆ ಬರಲ್ಲ ಅಂತಾರೆ. ಬರದಿದ್ದರೆ ಕುರ್ಚಿ ಖಾಲಿ ಇರಲಿ. ಖಾಲಿ ಕುರ್ಚಿ ಯಾರಿಗೂ ಬಟ್ಟೆ ಹಾಕಿ ಹಿಡೀರಿ ಅಂತ ಹೇಳಲ್ಲ.

ತಮಾಷೆ ಏನು ಗೊತ್ತಾ? ನನ್ನ ಗಲಾಟೆ ನೋಡಿ ಗುಂಪಿನಲ್ಲಿ ಕೆಲವರು "ಹಾಗಾದರೆ ನೀನೇ ಸಂಚಾಲಕ ಆಗು, ಕಂಪ್ಯೂಟರ್ ಬೇರೆ ಗೊತ್ತು" ಅಂತ ಶುರು ಮಾಡಿದ್ದಾರೆ! ಲೆನ್ಸ್ ಹೋಗಿ ಲ್ಯಾಪ್‌ಟಾಪ್ ಬಂತು, ಅಷ್ಟೇ. ಒಂದು ಕ್ಷಣ ಆಸೆ ಆಯ್ತು, ಮುಚ್ಚಿಡಲ್ಲ.

ಅದಕ್ಕೇ ಮೊನ್ನೆ ಶನಿವಾರ ಟೀಚರಮ್ಮನ ಮನೆಗೆ ಹೋಗಿ, ನನಗೇ ಮೊದಲು ಈ ಪರೀಕ್ಷೆ ಕೊಡಿ ಮೇಡಂ ಅಂತ ಕೂತೆ. ಅವರು ನೋಟ್‌ಬುಕ್ಕಿನ ಮಧ್ಯದಿಂದ, ಹಳೆಯ ಕವರುಗಳಿಂದ 20 ಫೋಟೊ ಆರಿಸಿ ಮೇಜಿನ ಮೇಲೆ ಹರಡಿದರು. ಗುರುತಿಸಬಹುದಾದ 15ರಲ್ಲಿ ನಾನು ಸರಿ ಹೇಳಿದ್ದು 11. ಹೇಳೋಕಾಗದ ಐದರಲ್ಲಿ ಒಂದಕ್ಕೆ ಮಾತ್ರ ಸುಮ್ಮನಾದೆ. ಉಳಿದ ನಾಲ್ಕಕ್ಕೂ ಹೆಸರು ಹೇಳಿದೆ, ಒಂದಕ್ಕಂತೂ ಲ್ಯಾಟಿನ್ ಹೆಸರು! 12ರಲ್ಲಿ 8 ಕಳೆದರೆ 4. ಟೀಚರಮ್ಮ ನಗಲಿಲ್ಲ. ಕೆಂಪು ಪೆನ್ನಿನಲ್ಲಿ 4 ಅಂತ ಬರೆದು ಅಡಿಗೆರೆ ಎಳೆದು, ಉಪ್ಪಿಟ್ಟು ತಿನ್ನು ಅಂದರು.

"ನೀವು ನಿಲ್ತೀರಾ ಮೇಡಂ?" ಅಂತ ಕೇಳಿದೆ. "ನನಗೆ ಭಾಷಣ ಬರಲ್ಲಪ್ಪ" ಅಂದರು. ಭಾಷಣ ಯಾರೂ ಕೇಳ್ತಿಲ್ಲ, ಆ ಹುರುಪೆಯ ಪ್ರಶ್ನೆ ಕೇಳಿದಿರಲ್ಲ ಅಷ್ಟೇ ಸಾಕು ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ. ಮುಂದಿನ ಭಾನುವಾರ ಗುಂಪಿನಲ್ಲಿ ಈ ವಿಷಯ ಚರ್ಚೆಗಿದೆ. ಫೋಟೊಗಳ ಕವರು ನನ್ನ ಹತ್ತಿರವೇ ಇದೆ. ನಾನಂತೂ ಟೀ, ಬಿಸ್ಕೆಟ್ ಜವಾಬ್ದಾರಿಗೆ ಹೆಸರು ಕೊಟ್ಟಿದ್ದೀನಿ.